ಈಗ ಪಾಳಿ ಯಾರದ್ದು?

2024ರ ಮಾರ್ಚ್, ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹಾಗಾಗಿ ಮನೆಯವರೆಲ್ಲ ಒಟ್ಟಿಗೇ ಹೊರಟಿದ್ದೆವು. ನಾನು, ನಮ್ಮನೆಯವರು, ಅತ್ತೆ, ನಾದಿನಿ, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ಇಬ್ಬರು ಮಕ್ಕಳಿಗೆ ನಾಲ್ಕು ಜನ ದೊಡ್ಡವರಿದ್ದೇವಲ್ಲ, ಇನ್ನೇನು ಭಯ ಅಂದುಕೊಂಡಿದ್ದೆ.

ಬಿಡಕಿ ಬಯಲಿನ ಗದ್ದುಗೆಯಲ್ಲಿ ದೇವಿಯ ದರ್ಶನ ಮುಗಿಸಿ ಅಂಗಡಿ ಸಾಲಿಗೆ ಬಂದೆವು. ಸಂಜೆ ಏಳರ ಹೊತ್ತು. ಕಾಲಿಡಲು ಜಾಗ ಇಲ್ಲ. ಒಂದು ಮಿಠಾಯಿ ಅಂಗಡಿಯಲ್ಲಿ ದುಡ್ಡು ಕೊಡಲು ಪರ್ಸ್ ತೆಗೆಯಬೇಕಿತ್ತು. ಮಗಳ ಕೈ ಬಿಟ್ಟೆ. ಮಗನಿಗೆ "ತಂಗಿ ಕೈ ಹಿಡ್ಕೊ" ಎಂದೆ. ಚಿಲ್ಲರೆ ಎಣಿಸಿ, ಪೊಟ್ಟಣ ಚೀಲಕ್ಕೆ ಹಾಕಿ ತಿರುಗಿದಾಗ ಮಗ ಪಕ್ಕದ ಅಂಗಡಿಯ ಬ್ಯಾಟರಿ ಕಾರು ನೋಡುತ್ತ ನಿಂತಿದ್ದ. ಒಬ್ಬನೇ.

ನಾನು ಗಾಬರಿಯಾಗಲಿಲ್ಲ. ಅಪ್ಪನ ಹತ್ತಿರ ಹೋಗಿರಬೇಕು ಅಂದುಕೊಂಡೆ. ಅಪ್ಪ, ಅವಳು ಅಜ್ಜಿಯ ಜೊತೆ ಇದ್ದಾಳೆ ಅಂದುಕೊಂಡಿದ್ದರು. ಅತ್ತೆ ನನ್ನ ಜೊತೆ ಅಂದುಕೊಂಡಿದ್ದರು. ಎಲ್ಲರೂ ಒಂದು ಕಡೆ ಸೇರಿ, ಒಬ್ಬರ ಮುಖ ಒಬ್ಬರು ನೋಡಿಕೊಂಡಾಗಲೇ ಗೊತ್ತಾಗಿದ್ದು, ಅವಳು ಯಾರ ಜೊತೆಗೂ ಇಲ್ಲ.

ಹತ್ತು ನಿಮಿಷಕ್ಕೆ ಸಿಕ್ಕಿದಳು. ನಾಲ್ಕು ಅಂಗಡಿ ಆಚೆ, ಬಳೆ ಮಾರುವ ಹೆಂಗಸೊಬ್ಬರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದರು. "ಅಮ್ಮನ ಹೆಸರು ಏನು ಅಂತ ಎಷ್ಟು ಸಲ ಕೇಳಿದ್ರೂ 'ಆಯಿ' ಅಂತಾಳೆ" ಎಂದರು. ಅವಳು ತಪ್ಪು ಹೇಳಿರಲಿಲ್ಲ. ಅವಳಿಗೆ ನನ್ನ ಹೆಸರು ಅದೊಂದೇ ಗೊತ್ತಿತ್ತು.

ಆ ರಾತ್ರಿ ಮಗಳು ಮಲಗಿದ ಕೂಡಲೇ ನಿದ್ದೆ ಹೋದಳು. ಮಗ ನಿದ್ದೆ ಮಾಡಲಿಲ್ಲ. ಗೋಡೆ ಕಡೆ ತಿರುಗಿ ಬಿಕ್ಕುತ್ತಿದ್ದ. ಕೇಳಿದರೆ "ನಾನು ಕೈ ಬಿಟ್ಟೆ" ಅಂದ. ನನಗೆ ಹೊಟ್ಟೆಯಲ್ಲಿ ಚುಚ್ಚಿದ ಹಾಗಾಯಿತು. ಕೈ ಬಿಟ್ಟವಳು ನಾನು. ಏಳು ವರ್ಷದ ಹುಡುಗನ ತಲೆ ಮೇಲೆ ನನ್ನ ಕೆಲಸ ಹೊರಿಸಿದ್ದೂ ನಾನೇ. ಅವನಿಗೂ ಅದು ಜಾತ್ರೆ, ಅವನೂ ಆಟಿಕೆ ನೋಡಬೇಕು ಅಲ್ವಾ? ಅವತ್ತಿನಿಂದ "ತಂಗಿಯನ್ನು ನೋಡ್ಕೊ" ಎಂಬ ಮಾತನ್ನು ನಮ್ಮನೆಯಲ್ಲಿ ಯಾರೂ ಅವನಿಗೆ ಹೇಳಬಾರದು ಎಂದು ತೀರ್ಮಾನ ಮಾಡಿದೆವು. ಅತ್ತೆಗೆ ಇದು ಮೊದಲು ಸರಿ ಕಾಣಲಿಲ್ಲ. "ನಮ್ಮ ಕಾಲದಲ್ಲಿ ದೊಡ್ಡವರೇ ಸಣ್ಣವರನ್ನು ಸಾಕಿದ್ದು" ಎಂದರು. ಅಂಗಳದಲ್ಲಿ, ತೋಟದಲ್ಲಿ ಅದು ನಡೆಯುತ್ತಿತ್ತು. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಮುದ್ರದ ದಡದಲ್ಲಿ ನಡೆಯುವುದಿಲ್ಲ ಎಂದು ನಾನು ಪಟ್ಟು ಹಿಡಿದೆ.

ಆಮೇಲೆ ಶುರುವಾಗಿದ್ದು ಪಾಳಿ. ಅಡಿಕೆ ತೋಟಕ್ಕೆ ನೀರು ಬಿಡಲು ಪಾಳಿ ಇರುವ ಹಾಗೆ, ಮಗಳನ್ನು ನೋಡಲೂ ಪಾಳಿ. ಮನೆಯಿಂದ ಹೊರಗೆ ಕಾಲಿಟ್ಟರೆ ಒಂದು ಹೊತ್ತಿಗೆ ಒಬ್ಬರದ್ದೇ ಜವಾಬ್ದಾರಿ. ಬೇರೆಯವರಿಗೆ ಕೊಡುವಾಗ ಬಾಯಿ ಬಿಟ್ಟು ಹೇಳಬೇಕು: "ಈಗ ನಿಮ್ಮ ಪಾಳಿ." ಅವರು "ಹಾಂ, ನಂದು" ಅನ್ನುವವರೆಗೆ ಕೊಟ್ಟ ಹಾಗಲ್ಲ. ತಲೆ ಅಲ್ಲಾಡಿಸಿದರೆ ಸಾಲದು, ಮಾತಲ್ಲೇ ಹೇಳಬೇಕು. ಪಾಳಿಯಲ್ಲಿ ಇರುವವರು ಫೋನ್ ತೆಗೆಯುವುದಿಲ್ಲ, ದುಡ್ಡು ಎಣಿಸುವುದಿಲ್ಲ. ಮೊದಲ ವಾರ ಎಲ್ಲರಿಗೂ ನಾಚಿಕೆ. ಈಗ ಬಾಯಿಪಾಠ.

ಉಳಿದದ್ದು ಸಣ್ಣ ಕೆಲಸಗಳು. ಹೊರಡುವ ಮೊದಲು ಬಾಗಿಲಲ್ಲೇ ಇಬ್ಬರದ್ದೂ ಒಂದು ಫೋಟೋ ತೆಗೆಯುತ್ತೇನೆ. ಅವತ್ತು ಪೊಲೀಸರು ಅಂಗಿಯ ಬಣ್ಣ ಕೇಳಿದಾಗ ನನಗೆ ನೆನಪೇ ಆಗಿರಲಿಲ್ಲ. ಮುಂಗೈ ಒಳಗಡೆ ಬಾಲ್‌ಪೆನ್ನಿನಲ್ಲಿ ನನ್ನ ನಂಬರ್ ಬರೆದು, ಬೆವರಿಗೆ ಅಳಿಸದ ಹಾಗೆ ಮೇಲೆ ಅಂಟುಪಟ್ಟಿ ಹಚ್ಚುತ್ತೇನೆ. ಮಗಳಿಗೆ ನನ್ನ ಹೆಸರು, ಅಪ್ಪನ ಹೆಸರು, ಊರ ಹೆಸರು ಹಾಡಿನ ಹಾಗೆ ಕಲಿಸಿದ್ದೇನೆ. ಆಯಿ ಕಾಣದೇ ಹೋದರೆ ಹುಡುಕಿಕೊಂಡು ಹೋಗಬಾರದು, ನಿಂತಲ್ಲೇ ನಿಂತು ನನ್ನ ಹೆಸರು ಹಿಡಿದು ಜೋರಾಗಿ ಕೂಗಬೇಕು. ಅಂಗಳದಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಇದನ್ನೂ ಆಡಿಸಿದೆವು. ನಾವೂ ಹಾಗೆಯೇ, ಮರ್ಯಾದೆಗೆ ಅಂಜಿ ಸುಮ್ನೆ ಹುಡುಕುತ್ತಾ ಕೂರುವುದಿಲ್ಲ. ಬಣ್ಣ, ವಯಸ್ಸು ಹೇಳಿ ಕೂಗುವುದು, ತುರ್ತು ಸಹಾಯದ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕೂಡಲೇ ಫೋನ್ ಮಾಡುವುದು.

ಸಮುದ್ರದ ದಡದಲ್ಲಿ ನನ್ನ ಹಟ ಇನ್ನೂ ಜಾಸ್ತಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ನೀರಿನ ಪಾಲಾದರು. ಅವರು ನನ್ನ ಮಗಳಷ್ಟು ಚಿಕ್ಕವರೂ ಅಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸಿದ ಹಾಗೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಒದ್ದಾಡುವಾಗ ಕೂಗಲು ಎಲ್ಲಿ ಆಗುತ್ತದೆ? ಸದ್ದಿಲ್ಲದೆ ಹೋಗಿಬಿಡುತ್ತದೆ. ಆದ್ದರಿಂದ "ಕೂಗಿದ್ರೆ ಕೇಳುತ್ತೆ" ಎಂದು ದಡದಲ್ಲಿ ಕೂತು ಹರಟುವುದನ್ನು ಬಿಟ್ಟೆವು. ಅಲೆ ಒಡೆಯದೆ ನೀರು ತಣ್ಣಗೆ ಕಾಣುವ ಜಾಗ ಮಕ್ಕಳಿಗೆ ಒಳ್ಳೆಯದು ಎಂದೇ ನಾನೂ ತಿಳಿದಿದ್ದೆ. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಮಾತ್ರ ಶಾಂತವಾಗಿದ್ದರೆ, ಎಷ್ಟೋ ಸಲ ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದೇ. ಸೆಳೆತ ಇರುವುದು ಅಲ್ಲಿಯೇ. ಎಲ್ಲಿ ಇಳಿಯಬಾರದು ಎಂದು ದಡದಲ್ಲಿರುವ ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಿಯೇ ನಾವು ಚಪ್ಪಲಿ ಬಿಚ್ಚುವುದು. ಜೀವರಕ್ಷಕರು ಇದ್ದಾರೆ ಎಂದು ಪಾಳಿ ಬಿಡುವುದಿಲ್ಲ. ಅವರಿಗೆ ಇಡೀ ದಡ ನೋಡಬೇಕು, ನನಗೆ ಒಂದೇ ಮಗು.

ಕಳೆದ ಚಳಿಗಾಲ ಕಾರವಾರಕ್ಕೆ ಹೋಗಿದ್ದೆವು. ಟಾಗೋರ್ ಕಡಲತೀರದಲ್ಲಿ ಸಮುದ್ರದಷ್ಟೇ ಹೆದ್ದಾರಿಯ ಕಡೆಯೂ ಕಣ್ಣಿಡಬೇಕು, ದಡ ಹತ್ತಿದರೆ 66ನೇ ನಂಬರಿನ ರಸ್ತೆಯೇ. ಮಗಳು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ನಾನು ಅವಳಿಗಿಂತ ಒಂದು ಹೆಜ್ಜೆ ಮುಂದೆ, ಸಮುದ್ರದ ಕಡೆಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದ್ದೆ. ಅಲೆ ಬಂದಾಗಲೆಲ್ಲ ನನ್ನ ಮೊಣಕಾಲು ಹಿಡಿದು ಕಿರುಚಿ ನಗುತ್ತಿದ್ದಳು. ಅಷ್ಟರಲ್ಲಿ ಚೀಲದಲ್ಲಿದ್ದ ನನ್ನ ಫೋನ್ ರಿಂಗಾಯಿತು.

"ನಿಮ್ಮ ಪಾಳಿ" ಎಂದೆ.

"ಹಾಂ, ನಂದು" ಎಂದು ನಮ್ಮನೆಯವರು ಪ್ಯಾಂಟ್ ಮಡಚಿ ನೀರಿಗಿಳಿದರು. ಅವರು ಅವಳ ಕೈ ಹಿಡಿದ ಮೇಲೆ ನಾನು ದಡಕ್ಕೆ ಬಂದೆ. ಮಗ ಅಲ್ಲೇ ಒಣ ಮರಳಿನಲ್ಲಿ ಮೊಣಕಾಲೂರಿ, ಮೊಣಕೈವರೆಗೆ ಗುಂಡಿ ತೋಡುತ್ತಿದ್ದ. ತಳದಲ್ಲಿ ನೀರು ಜಿನುಗಿದ್ದು ಕಂಡು ನನ್ನನ್ನು ಕರೆದು ತೋರಿಸಿದ. ಮತ್ತೆ ತೋಡಲು ಕೂತ. ನಾವು ಹೊರಡುವವರೆಗೂ, ತಂಗಿ ಎಲ್ಲಿ ಎಂದು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ.