ಪಂಪ್ ನಿಂತರೂ ಸ್ಪಾ ಡ್ರೈನ್ ಹಿಡಿತ ಬಿಡದಿದ್ದಾಗ

ಅಮೆರಿಕದಲ್ಲಿ ನಾವು ನಡೆಸುವ ಮೋಟೆಲ್‌ನ ಸ್ಪಾಗೆ, ಅಂದರೆ ಬಿಸಿನೀರಿನ ತೊಟ್ಟಿಗೆ, ಒಂದೇ ಮೇನ್ ಡ್ರೈನ್ (ಪಂಪ್ ನೀರು ಎಳೆದುಕೊಳ್ಳುವ ಬಾಯಿ). 2008ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ವರ್ಜೀನಿಯಾ ಗ್ರೇಮ್ ಬೇಕರ್ ಪೂಲ್-ಸ್ಪಾ ಸುರಕ್ಷತಾ ಕಾಯ್ದೆ ಪ್ರಕಾರ ಇದಕ್ಕೆ ಕವರ್ ಒಂದೇ ಸಾಲದು. ಹಾಗಾಗಿ ಡ್ರೈನ್‌ಗೆ ಯಾರಾದರೂ ಅಂಟಿಕೊಂಡರೆ ಪಂಪ್ ನಿಲ್ಲಿಸಿ ಸೆಳೆತ ಬಿಡಿಸುವ ಎಸ್‌ವಿಆರ್‌ಎಸ್ ಎಂಬ ಸಾಧನ ಇತ್ತು. ಟೆಸ್ಟ್ ಮ್ಯಾಟ್‌ನಿಂದ ಡ್ರೈನ್ ಮುಚ್ಚಿದರೆ ಪಂಪ್ ನಿಲ್ಲುತ್ತಿತ್ತು, ಮ್ಯಾಟ್ ಮಾತ್ರ ಕಚ್ಚಿಕೊಂಡೇ ಇರುತ್ತಿತ್ತು.

ಕವರ್ ಬದಲಿಸಿದೆ, ಸೆಟ್ಟಿಂಗ್ ತಿರುವಿದೆ, ಎಸ್‌ವಿಆರ್‌ಎಸ್ಸನ್ನೇ ಹೊಸದು ಹಾಕಿಸಿದೆ. ಸುಮ್ನೆ ದುಡ್ಡು ದಂಡ.

ಕಾರಣ ಡ್ರೈನ್‌ನಿಂದ ಪಂಪ್‌ಗೆ ಹೋಗುವ ಸಕ್ಷನ್ ಪೈಪಿನ ಚೆಕ್ ವಾಲ್ವ್, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್. ಪಂಪ್ ನಿಂತ ಕೂಡಲೇ ಅದು ಮುಚ್ಚಿಕೊಂಡು ಡ್ರೈನ್ ಕಡೆಯ ಸೆಳೆತವನ್ನು ಹಾಗೇ ಹಿಡಿದಿಡುತ್ತಿತ್ತು.

ಮೊದಲು ಬ್ರೇಕರ್ ಆಫ್, ಸ್ಪಾ ಖಾಲಿ. ಪ್ಲಂಬರ್ ವಾಲ್ವ್ ಕತ್ತರಿಸಿ ನೇರ ಪೈಪ್ ಅಂಟಿಸಿದರು. ಅಂಟು ಪೂರ್ತಿ ಒಣಗಿದ ಮೇಲೆ ನೀರು ತುಂಬಿಸಿ, ಪಂಪ್‌ನ ಕಸ ಹಿಡಿಯುವ ಬಾಸ್ಕೆಟ್ ತೊಳೆದು, ಆಮೇಲೆ ಎಸ್‌ವಿಆರ್‌ಎಸ್ ಕ್ಯಾಲಿಬ್ರೇಶನ್ (ಅಳತೆ ಹೊಂದಿಸುವುದು). ಬಾಸ್ಕೆಟ್‌ನಲ್ಲಿ ಕಸ ಇದ್ದರೆ ಲೆಕ್ಕ ತಪ್ಪುತ್ತದೆ. ನೀರಿನಲ್ಲಿ ಯಾರೂ ಇಲ್ಲದಾಗ ಮತ್ತೆ ಮ್ಯಾಟ್ ಇಟ್ಟೆವು. ಪಂಪ್ ನಿಂತಿತು, ಮ್ಯಾಟ್ ತಾನಾಗಿ ಬಿಟ್ಟುಕೊಂಡಿತು.