ಸ್ಟೆಂಟ್ ಹಾಕಿದ ಮೇಲೆ ಮನಸ್ಸು ಬಿದ್ದಾಗ ಕಿರ್ದಿ ಪುಸ್ತಕ ಹಿಡಿದದ್ದು: ನನ್ನ ಅನುಭವ

ಹಾರ್ಟ್ ಅಟ್ಯಾಕ್ ಆಗಿ ಎರಡು ವರ್ಷದ ಮೇಲಾಯ್ತು, ಹೃದಯದ ಮುಂಭಾಗದ ದೊಡ್ಡ ರಕ್ತನಾಳ ಎಲ್‌ಎಡಿಗೆ ಒಂದು ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ). ಆಂಜಿಯೋಪ್ಲಾಸ್ಟಿ, ಗುಳಿಗೆ, ಉಪ್ಪು ಎಣ್ಣೆ ಕಮ್ಮಿ ಮಾಡುದು ಇದೆಲ್ಲ ಸ್ಟೆಂಟ್ ಹಾಕಿಸ್ಕೊಂಡವರಿಗೆ ಗೊತ್ತಿದ್ದದ್ದೇ, ಅದನ್ನ ಬರಿಯುದಿಲ್ಲ. ಅದಾದ ಮೇಲೆ, ಇನ್ನೇನು ಸುಧಾರಿಸಿದೆ ಅನ್ನುವಾಗ ಮತ್ತೆ ಒಂದು ದಿನ ಕಾಲು ಎಳೆದ ಹಾಗೆ ಆಗ್ತದಲ್ಲ, ಆ ದಿನಗಳನ್ನ ಹೇಗೆ ದಾಟಿದೆ ಅನ್ನುದು ಮಾತ್ರ ಹೇಳ್ತೇನೆ. ಹೆದರಿಕೆ ಬಂದದ್ದನ್ನೆಲ್ಲ ಲೆಕ್ಕದ ಕಿರ್ದಿ ಪುಸ್ತಕದಲ್ಲಿ ಬರೆದಿಡ್ಲಿಕ್ಕೆ ಶುರು ಮಾಡಿದಾಗ ನಮ್ಮ ಭಾವ "ಬರೆದ್ರೆ ಹಾರ್ಟ್ ಗಟ್ಟಿ ಆಗ್ತಾ ಮಾರಾಯ" ಅಂದಿದ್ದ. ಈಗ ಅವನೇ ತನ್ನ ಬಿಪಿಗೆ ಅದೇ ನಮೂನೆ ಪುಸ್ತಕ ಇಟ್ಟಿದ್ದಾನೆ.

ಮೊದಲ ಪೆಟ್ಟು ಎಕೋ, ಅಂದ್ರೆ ಹೃದಯದ ಸ್ಕ್ಯಾನ್. ಡಿಸ್ಚಾರ್ಜ್ ಮಾಡುವಾಗ ಇಎಫ್ (ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಶೇಕಡಾ ಲೆಕ್ಕ) 40 ಅಂತ ಬರೆದಿದ್ರು. ಮೂರು ತಿಂಗಳಲ್ಲಿ 50 ಆದ್ರೂ ಆಗ್ಬೇಕು ಅಂತ ನಾನೇ ಲೆಕ್ಕ ಹಾಕ್ಕೊಂಡು ಹುಬ್ಬಳ್ಳಿಗೆ ಹೋದ್ರೆ 38 ಬಂತು. ವಾಪಸ್ ಬರ್ತಾ ಮುಂಡಗೋಡದಲ್ಲಿ ಚಾ ಕುಡಿಲಿಕ್ಕೆ ನಿಲ್ಸಿದ್ರು, ನನಗೆ ಕಾರಿಂದ ಇಳಿಯುವ ಮನಸ್ಸೇ ಬರ್ಲಿಲ್ಲ, ಆವತ್ತಿಂದ ಒಂದು ಹದಿನೈದು ದಿನ ತೋಟದ ಕಡೆ ತಲೆ ಹಾಕ್ಲಿಲ್ಲ. ಆಮೇಲೆ ಡಾಕ್ಟರ್ ಹತ್ರ ಕೇಳಿದ್ರೆ, ಒಂದೇ ಹೃದಯ ಇಬ್ಬರು ನೋಡಿದ್ರೆ ಐದು ಪಾಯಿಂಟ್ ಆಚೆ ಈಚೆ ಬರ್ತದೆ, 40 ಇದ್ದದ್ದು 38 ಆದ್ರೆ ಕೆಳಗೆ ಹೋಯ್ತು ಅಂತ ಅಲ್ಲವೇ ಅಲ್ಲ ಅಂದ್ರು. ಈ ಮಾತು ರಿಪೋರ್ಟ್ ಕೈಗೆ ಕೊಡುವಾಗಲೇ ಯಾರಾದ್ರೂ ಹೇಳಿದ್ರೆ ಆ ಹದಿನೈದು ದಿನ ಉಳೀತಿತ್ತು.

ಎರಡನೇದು ಉಸಿರು. ಸುಮ್ನೆ ಕೂತಿದ್ರೂ ಒಮ್ಮೊಮ್ಮೆ ಗಾಳಿ ಸಾಕಾಗುದಿಲ್ಲ ಅನ್ನಿಸ್ತಿತ್ತು, ಹಾರ್ಟ್ ಪಂಪ್ ನಿಲ್ತಾ ಬಂತು ಅಂತಲೇ ತಿಳ್ಕೊಂಡಿದ್ದೆ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಟಿಕಾಗ್ರೆಲಾರ್ ಗುಳಿಗೆದ್ದು, ಕೆಲವರಿಗೆ ಹಾಗೆ ಆಗ್ತದೆ. ಡಾಕ್ಟರ್ರೇ ಅದೇ ಕೆಲಸದ ಕ್ಲೋಪಿಡೋಗ್ರೆಲ್‌ಗೆ ಬದಲು ಮಾಡಿದ್ರು, ವಾರದೊಳಗೆ ಹೋಯ್ತು. (ನೀವಾಗಿ ನಿಲ್ಲಿಸ್ಲಿಕ್ಕೆ ಹೋಗ್ಬೇಡಿ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಮುಗೀತು.)

ದುಡ್ಡು ಹೋದದ್ದು ರಾತ್ರಿ ಓಡಾಟಕ್ಕೆ. ನಮ್ಮ ಉತ್ತರ ಕನ್ನಡ ಜಿಲ್ಲೆಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಶಿರೂರು ಟೋಲ್‌ಗೇಟಲ್ಲಿ ಆಂಬ್ಯುಲೆನ್ಸ್ ಪಲ್ಟಿ ಆದಾಗಿಂದ ಎಷ್ಟು ಕೂಗಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್, ಮಣಿಪಾಲಕ್ಕೆ ಹೋಗ್ಬೇಕಂದ್ರೆ ದೇವಿಮನೆ ಘಟ್ಟ ಇಳೀಬೇಕು, ಮಳೆಗಾಲದಲ್ಲಿ ಅದು ಯಾವಾಗ ಬಂದ್ ಅಂತ ಹೇಳ್ಲಿಕ್ಕಾಗುದಿಲ್ಲ. ಈ ದೂರವೇ ಅರ್ಧ ಹೆದರಿಕೆ. ಎದೆಲಿ ಸ್ವಲ್ಪ ಚುಚ್ಚಿದ್ರೂ ಈಗಲೇ ಹೊರಡ್ಬೇಕು ಅನ್ನಿಸ್ತದೆ. ಕಾರಿಗೆ ನಾಕು ಸಾವಿರ, ಇಸಿಜಿ, ಟ್ರೊಪೋನಿನ್ ರಕ್ತಪರೀಕ್ಷೆ, ಒಂದು ರಾತ್ರಿ ಅಬ್ಸರ್ವೇಶನ್, ಒಂದ್ಸಲ ಹೋದ್ರೆ ಹದಿನೈದಿಪ್ಪತ್ತು ಸಾವಿರ. ಮೊದಲ ವರ್ಷ ಹೀಗೇ ಲಕ್ಷದ ಹತ್ರ ಹೋಯ್ತು, ಸುಮಾರು ಎರಡು ಕ್ವಿಂಟಲ್ ರಾಶಿ ಅಡಿಕೆ ದುಡ್ಡು. ಪ್ರತಿ ಸಲವೂ ಏನೂ ಇಲ್ಲ ಅಂತಲೇ ಕಳಿಸಿದ್ದು. ಏನೂ ಇಲ್ಲ ಅಂದ್ರೆ ಖುಷಿ ಆಗ್ಬೇಕಲ್ಲ, ನನಗೆ ಇನ್ನೂ ಕುಸಿದ ಹಾಗೆ ಆಗ್ತಿತ್ತು, ಮನೆಯವರಿಗೆಲ್ಲ ಭಾರ ಆದೆ ಅಂತ.

ನಡುವೆ ಮಾಡಿ ನೋಡಿದ್ದು ಬೇಕಷ್ಟಿದೆ. ನಾಲ್ಕು ಸಾವಿರದ ಸ್ಮಾರ್ಟ್‌ವಾಚ್ ತಗೊಂಡೆ, ನಿಮಿಷಕ್ಕೊಮ್ಮೆ ಪಲ್ಸ್ ನೋಡಿ ನೋಡಿ ಪಲ್ಸ್ ಏರುದು, ಏರಿದ್ದು ನೋಡಿ ಮತ್ತೆ ಏರುದು. ಅದೀಗ ಅಣ್ಣನ ಮಗನ ಕೈಲಿದೆ. ಬಿಪಿ ಮಿಶಿನ್ ಮಾತ್ರ ಇಟ್ಕೊಂಡಿದ್ದೇನೆ, ವಾರಕ್ಕೆ ಎರಡು ಸಲ, ಅದೂ ಹೆಂಡ್ತಿಯೇ ಹಚ್ಚುದು, ನಂಬರ್ ನನಗೆ ತೋರಿಸುದಿಲ್ಲ. ಯಾರೋ ಹೇಳಿದ್ರು ಅಂತ ಶುಂಠಿ ಬೆಳ್ಳುಳ್ಳಿ ಲಿಂಬು ವಿನೆಗರ್ ಕುದಿಸಿದ ಕಷಾಯ ಎರಡು ತಿಂಗಳು ಕುಡಿದೆ, ಬ್ಲಾಕ್ ಕರಗ್ತದಂತೆ. ಕರಗಿದ್ದು ಗೊತ್ತಿಲ್ಲ, ಹೊಟ್ಟೆಲಿ ಹುಳಿ ಎದ್ದು ಎದೆ ಉರಿ ಶುರು ಆಯ್ತು, ಎರಡು ಸಲ ಹುಬ್ಬಳ್ಳಿಗೆ ಓಡಿದ್ದು ಅದೇ ಉರಿಗೆ.

ಈಗ ಕಿರ್ದಿ. ಅಡಿಕೆ ಲೆಕ್ಕ ಬರೆಯುವ ಉದ್ದ ಪುಸ್ತಕವೇ, ಒಂದು ಪುಟಕ್ಕೆ ನಾಕು ಕಾಲಂ. ಒಂದು, ಎಂತ ಆಯ್ತು. ಎರಡು, ಅದಕ್ಕೆ ಮುಂಚೆ ಎಂತ ತಿಂದೆ, ಎಷ್ಟು ನಿದ್ದೆ, ಎಂತ ಕೆಲಸ. ಮೂರು, ಆಗ ಮನಸ್ಸು ಎಂತ ಹೇಳ್ತು, ಅದು ಹೇಳಿದ ಮಾತನ್ನೇ ಬರೀಬೇಕು, ತಿದ್ದಬಾರ್ದು. ನಾಲ್ಕನೇದು ಖಾಲಿ. ಅದನ್ನ ಎಂಟು ದಿನ ಬಿಟ್ಟು ತುಂಬಿಸುದು: ಕೊನೆಗೆ ಗೊತ್ತಾಗಿದ್ದು ಎಂತ.

ಒಂದು ಪುಟ ಹಾಗೇ ಇಳಿಸ್ತೇನೆ. ಅಡಿಕೆ ಕೊಳೆರೋಗಕ್ಕೆ ಮದ್ದು ಹೊಡೆಯುವ ಸಮಯ, ಮೈಲುತುತ್ತ ಸುಣ್ಣ ಕಲಸಿ ಇಟ್ಟಿದ್ದೇನೆ, ಕೊನೆಗೌಡ (ಮರ ಹತ್ತುವ ಆಳು) ಮರದ ಮೇಲೆ. 1: ಪೈಪ್ ಎಳೆಯುವಾಗ ಎಡಗೈ ಸೆಳೆತ, ಸುಸ್ತು, ಕೂತೆ. 2: ರಾತ್ರಿ ಮಳೆ ಶಬ್ದಕ್ಕೆ ಮೂರು ತಾಸು ನಿದ್ದೆ, ಬೆಳಿಗ್ಗೆ ಎರಡು ಬಕೆಟ್ ಎತ್ತಿದ್ದು. 3: "ಮುಂದಿನ ಮಳೆಗಾಲ ನಾನಿರುದಿಲ್ಲ, ತೋಟ ಮಾರಿ ಬಿಡ್ತಾರೆ." 4: ಭುಜದ ನರ ಹಿಡಿದದ್ದು, ಒತ್ತಿದ್ರೆ ನೋವು, ಮೂರು ದಿನಕ್ಕೆ ಹೋಯ್ತು.

ಇಂಥ ಪುಟ ಮೂವತ್ತು ನಲವತ್ತು ಆದ ಮೇಲೆ ಒಂದು ಸಂಜೆ ಜಗಲಿಲಿ ಕೂತು ಮೂರನೇ ಕಾಲಂ ಮಾತ್ರ ಮೇಲಿಂದ ಕೆಳಗೆ ಓದಿದೆ. ಎಲ್ಲದರಲ್ಲೂ ನಾನು ಸತ್ತಿದ್ದೇನೆ. ನಾಲ್ಕನೇದರಲ್ಲಿ ಗ್ಯಾಸ್, ನಿದ್ದೆಗೇಡು, ಭುಜ, ಗುಳಿಗೆ, ಯಾರದ್ದೋ ಸಾವಿನ ಸುದ್ದಿ ಕೇಳಿದ್ದು. ಆವತ್ತಿಂದ ಹೆದರಿಕೆ ಬರುದು ನಿಲ್ಲಲಿಲ್ಲ, ಬಂದದ್ದನ್ನ ನಂಬುದು ಕಮ್ಮಿ ಆಯ್ತು.

ಒಂದು ಸಂಗತಿಲಿ ಮಾತ್ರ ಹೆದರಿಕೆಗೆ ಖರೆ ಕಾರಣ ಇತ್ತು. ಡಿಸೆಂಬರ್ ಚಳಿಲಿ ತಿಂಡಿ ತಿಂದ ಕೂಡ್ಲೇ ಸೊಪ್ಪಿನ ಬೆಟ್ಟದ ಏರು ಹತ್ತಿದ್ರೆ ಎದೆ ಬಿಗಿಯುದು, ನಿಂತ್ರೆ ಹೋಗುದು. ಎರಡು ಮೂರು ಸಲ ಅದೇ ನಮೂನೆ ಬರೆದಿದ್ದು ಕಣ್ಣಿಗೆ ಬಿದ್ದು ಡಾಕ್ಟರಿಗೆ ತೋರಿಸಿದೆ, ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ನೋವು) ಅಂದ್ರು, ಗುಳಿಗೆ ಏರಿಸಿದ್ರು. ಚಳಿ, ತುಂಬಿದ ಹೊಟ್ಟೆ, ಏರು, ಮೂರೂ ಸೇರಬಾರ್ದು. ಈಗ ನಡೆಯುದು ಬಿಸಿಲು ಬಂದ ಮೇಲೆ, ತಿಂಡಿಗಿಂತ ಮುಂಚೆ.

ಇನ್ನೊಂದು, ಪುಸ್ತಕ ಇರುದು ಆಮೇಲೆ ಬರೀಲಿಕ್ಕೆ. ನೋವು ಬಂದಾಗ ಅದನ್ನ ತೆಗೀಬಾರ್ದು, ಆಗ ನೋಡುದು ಅಡಿಗೆಮನೆ ಗೋಡೆಯ ಚೀಟಿ. ಡಾಕ್ಟರ್ ಎದುರು ಕೂತು ಬರೆಸಿದ್ದು: ಕೂತ್ಕೋ, ಸಾರ್ಬಿಟ್ರೇಟ್ (ಎದೆನೋವಿನ ಗುಳಿಗೆ) ನಾಲಿಗೆ ಕೆಳಗೆ, ಐದು ನಿಮಿಷ, ಹೋಗ್ಲಿಲ್ಲ ಅಥವಾ ಬೆವರು ಬಂತು ಅಂದ್ರೆ 108. ಹೋಗುದಾ ಬೇಡ್ವಾ ಅಂತ ಚರ್ಚೆ ಇಲ್ಲ, ಚೀಟಿ ಹೇಳಿದ ಹಾಗೆ, ಕೊನೆ ಮಾತು ಹೆಂಡ್ತಿದು. ಅದು ಅಂಟಿಸಿದ ಮೇಲೆ ಅವಳಿಗೂ ನಿದ್ದೆ ಬರ್ಲಿಕ್ಕೆ ಶುರು ಆಯ್ತು. ಅಲ್ಲಿವರೆಗೆ ನಾನು ಮಗ್ಗುಲು ಬದಲಿಸಿದ್ರೆ ಅವಳು ಎದ್ದು ಕೂರ್ತಿದ್ಲು.

ನಡಿಗೆದ್ದೂ ಒಂದಿಷ್ಟು ಪ್ರಯೋಗ ಮಾಡಿದೆ. ನಡೀವಾಗ ಮಾತಾಡ್ಲಿಕ್ಕೆ ಆಗ್ಬೇಕು, ಹಾಡ್ಲಿಕ್ಕೆ ಆಗ್ಬಾರ್ದು, ಅಷ್ಟು ವೇಗ ಹದ. ನಾನು ಯಕ್ಷಗಾನದ ಪದ್ಯ ಎತ್ತಿ ನೋಡುದು, ಎರಡನೇ ಸಾಲಿಗೆ ಉಸಿರು ಕಟ್ಟಿದ್ರೆ ಸರಿ ಇದೆ, ಮೊದಲ ಶಬ್ದಕ್ಕೇ ಕಟ್ಟಿದ್ರೆ ನಿಧಾನ ಮಾಡುದು. ಕಾರವಾರಕ್ಕೆ ಮಗಳ ಮನೆಗೆ ಹೋದಾಗ ಟಾಗೋರ್ ಬೀಚಲ್ಲಿ ಸಡಿಲ ಮರಳ ಮೇಲೆ ನಡೆದೆ, ನಮ್ಮ ಊರಲ್ಲಿ ಎರಡು ಕಿಲೋಮೀಟರ್ ಆರಾಮ ನಡೆಯುವವ ಅಲ್ಲಿ ಅರ್ಧಕ್ಕೇ ಏದುಸಿರು. ಮೊದಲಾಗಿದ್ರೆ ಇಡೀ ವಾರ ಮಂಕಾಗಿರ್ತಿದ್ದೆ. ಮರುದಿನ ನೀರಿನ ಅಂಚಿನ ಗಟ್ಟಿ ಮರಳಲ್ಲಿ ನಡೆದೆ, ಪೂರ್ತಿ ಆಯ್ತು, ಅದನ್ನೂ ಬರೆದೆ. ಹೋಲಿಕೆ ಮಾಡುದು ನಿನ್ನೆಗೆ ಇವತ್ತಲ್ಲ, ಅದೇ ದಾರಿ ಹೋದ ತಿಂಗಳು ಹೇಗಿತ್ತು ಅಂತ.

ಪುಸ್ತಕ ಒಂದರಿಂದಲೇ ಆಯ್ತು ಅಂತಲೂ ಹೇಳುದಿಲ್ಲ. ಆರನೇ ತಿಂಗಳ ಹೊತ್ತಿಗೆ ಕಾರಣ ಇಲ್ಲದೆ ಅಳು ಬರ್ತಿತ್ತು, ಅನ್ನ ಸೇರ್ತಿರ್ಲಿಲ್ಲ. ಅಟ್ಯಾಕ್ ಆದವರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಬ್ಬರಿಗೆ ಖಿನ್ನತೆ ಬರ್ತದಂತೆ. ತಾಲೂಕಾಸ್ಪತ್ರೆಲಿ ಮಂಗಳವಾರದ ಮನೋಚೈತನ್ಯ ಅನ್ನುವ ಮನಸ್ಸಿನ ಕಾಯಿಲೆಯ ಕ್ಲಿನಿಕ್ಕಿಗೆ ಹೋದೆ, ಅಣ್ಣ ಒಂದು ತಿಂಗಳು ಮಾತು ಬಿಟ್ಟಿದ್ದ, ಹುಚ್ಚರ ಡಾಕ್ಟರ್ ಹತ್ರ ಹೋದ ಅಂತ. ಖಿನ್ನತೆಗೆ ಸರ್ಟ್ರಾಲಿನ್ ಕೊಟ್ರು, ಹಾರ್ಟಿನವರಿಗೆ ಕೊಟ್ಟು ನೋಡಿದ ಗುಳಿಗೆ, ಆದ್ರೆ ರಕ್ತ ತೆಳು ಮಾಡುವ ಗುಳಿಗೆ ಜೊತೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಏರ್ತದೆ, ಹಾಗಾಗಿ ಎಲ್ಲ ಚೀಟಿ ತೋರಿಸಿಯೇ ತಗೊಳ್ಳಿ. ಅಲ್ಲಿವರೆಗೆ ಹೋಗ್ಲಿಕ್ಕೆ ಸಂಕೋಚ ಆದ್ರೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಸರ್ಟ್ರಾಲಿನ್ ಒಂದು ವರ್ಷ ತಗೊಂಡೆ, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಬಿಟ್ಟೆ.

ಹೋದ ಎಕೋದಲ್ಲಿ ಇಎಫ್ 48ರ ಹತ್ರ ಇತ್ತು. ಎರಡನೇ ವರ್ಷ ರಾತ್ರಿ ಹುಬ್ಬಳ್ಳಿಗೆ ಹೋದದ್ದು ಒಂದೇ ಸಲ, ಅದೂ ಚೀಟಿ ಹೇಳಿದ್ದಕ್ಕೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗಿ ಎದೆ ಡವಡವ ಅಂದಾಗ ನಾನು ಎಂತ ಮಾಡ್ತೇನೆ ಅಂತ ಭಾವನೂ ಕೇಳ್ತಾ ಇರ್ತಾನೆ, ಅದನ್ನ ಅವನಿಗೂ ಹೇಳ್ಲಿಲ್ಲ, ಇಲ್ಲೂ ಬರಿಯುದಿಲ್ಲ, ಅದು ಅವರವರು ಹುಡುಕ್ಕೊಳ್ಬೇಕಾದದ್ದು. ಪುಸ್ತಕ ಅಂಗಡಿಲಿ ಎಂಬತ್ತು ನೂರು ರೂಪಾಯಿಗೆ ಸಿಗ್ತದೆ. ಗೆರೆ ಎಳೆಯುವಾಗ ಮೂರನೇ ಕಾಲಂ ಸಪೂರ ಇಡಿ, ನಾಲ್ಕನೇದು ಅಗಲ ಇಡಿ, ನಾನು ಎರಡೂ ಸಮ ಎಳೆದು ಆಮೇಲೆ ಅಂಚಲ್ಲೆಲ್ಲ ಬರೀಬೇಕಾಯ್ತು.