ಸರ್ವರ್ ಬದಲಿಸುವ ಮುನ್ನ ಟಿಟಿಎಲ್ ಇಳಿಸಿಡಿ
ಮುಂಬೈಯಲ್ಲಿ ಕನ್ನಡ ಸಂಘದ್ದೋ, ಉಡುಪಿ ಹೋಟೆಲಿನದ್ದೋ ವೆಬ್‌ಸೈಟ್ ನೋಡಿಕೊಳ್ಳುವವರಿಗೆ: ಹೊಸ ಸರ್ವರ್‌ಗೆ ಹೋಗುವ ಎರಡು ದಿನ ಮುಂಚೆಯೇ ಅಮೆಜಾನ್ ರೂಟ್ 53ರಲ್ಲಿ (ಅಮೆಜಾನ್‌ನ ಡಿಎನ್‌ಎಸ್ ಸೇವೆ; ಡಿಎನ್‌ಎಸ್ ಅಂದರೆ ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಎ ರೆಕಾರ್ಡಿನ, ಅಂದರೆ ಸೈಟ್ ಹೆಸರಿಗೆ ಸರ್ವರ್‌ನ ಐಪಿ ವಿಳಾಸ ಹೇಳುವ ನಮೂದಿನ, ಟಿಟಿಎಲ್ 60 ಸೆಕೆಂಡಿಗೆ ಇಳಿಸಿಡಿ. ಟಿಟಿಎಲ್ ಅಂದರೆ ಆ ವಿಳಾಸವನ್ನು ಬೇರೆ ಡಿಎನ್‌ಎಸ್‌ಗಳು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ. ಅದು 86400 ಇದ್ದರೆ ಹಳೆಯ ಐಪಿ ವಿಳಾಸ ಜನರ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್‌ನಲ್ಲಿ 24 ಗಂಟೆಯವರೆಗೂ ಕೂತಿರಬಹುದು. ಮಾಟುಂಗದವರಿಗೆ ಹೊಸ ಸೈಟ್, ಡೊಂಬಿವಲಿಯವರಿಗೆ ಹಳೆಯದೇ. ಹಳೇ ಟೈಮ್‌ಟೇಬಲ್ ಹಿಡಿದು ಲೋಕಲ್‌ಗೆ ಕಾದ ಹಾಗೆ, ಅಲ್ವಾ? ಬದಲಿಸುವ ಹೊತ್ತಿಗೇ ಇಳಿಸಿದರೆ ಸುಮ್ನೆ ದಂಡ. ಹಳೆಯ ಟಿಟಿಎಲ್ ಮುಗಿಯುವಷ್ಟು ಸಮಯ ಮೊದಲೇ ಕೊಡಬೇಕು. ನೇಮ್‌ಸರ್ವರನ್ನೇ, ಅಂದರೆ ನಿಮ್ಮ ಸೈಟಿನ ಈ ರೆಕಾರ್ಡುಗಳನ್ನು ಇಟ್ಟುಕೊಂಡು ಉತ್ತರ ಕೊಡುವ ಸರ್ವರನ್ನೇ, ಬದಲಿಸುವುದಾದರೆ ಈ ಉಪಾಯ ನಡೆಯುವುದಿಲ್ಲ. ಡಾಟ್ ಕಾಮ್ ಹೆಸರುಗಳಿಗೆ ಮೇಲಿನ ಹಂತದಲ್ಲಿ, ಅಂದರೆ ಡಾಟ್ ಕಾಮ್ ನಡೆಸುವವರ ಬಳಿ, ನೇಮ್‌ಸರ್ವರ್ ನಮೂದಿಗಿರುವ ಟಿಟಿಎಲ್ 172800 ಸೆಕೆಂಡ್, ಅಂದರೆ ಎರಡು ದಿನ. ಅದು ನಮ್ಮ ಕೈಯಲ್ಲಿಲ್ಲ. ಅಮೆಜಾನ್‌ನದೇ ಲೋಡ್ ಬ್ಯಾಲೆನ್ಸರ್‌ಗೆ (ಬರುವವರನ್ನು ಹಲವು ಸರ್ವರ್‌ಗಳಿಗೆ ಹಂಚುವ ಸೇವೆ) ಅಲಿಯಾಸ್ ರೆಕಾರ್ಡ್, ಅಂದರೆ ಐಪಿ ಬದಲು ನೇರ ಆ ಸೇವೆಯನ್ನೇ ತೋರಿಸುವ ನಮೂದು, ಹಾಕಿದ್ದರೂ ಟಿಟಿಎಲ್ ತುಂಬುವ ಜಾಗವೇ ಇರುವುದಿಲ್ಲ, ಹುಡುಕಬೇಡಿ. ಕೆಲವು ಡಿಎನ್‌ಎಸ್‌ಗಳು ನಾವು ಹಾಕಿದ ಟಿಟಿಎಲ್‌ಗೆ ಕ್ಯಾರೇ ಅನ್ನುವುದಿಲ್ಲ. ಹಾಗಾಗಿ ಹಳೆಯ ಸರ್ವರನ್ನು ಇನ್ನೆರಡು ದಿನ ನಡೆಯಲು ಬಿಡಿ. ಎಲ್ಲ ಸರಿಯಾದ ಮೇಲೆ ಟಿಟಿಎಲ್ ಮತ್ತೆ ಏರಿಸಿ. ರೂಟ್ 53ರ ಬಿಲ್‌ನಲ್ಲಿ ವಿಳಾಸ ಕೇಳಿ ಬರುವ ವಿಚಾರಣೆಗಳ (ಕ್ವೆರಿ) ಲೆಕ್ಕವೂ ಸೇರುತ್ತದೆ, ಟಿಟಿಎಲ್ ಕಡಿಮೆ ಇದ್ದಷ್ಟೂ ಅವು ಜಾಸ್ತಿ.